ಎರಡೂವರೆ ಗಂಟೆಗೆ ಅಮೆರಿಕ, ನಾಲ್ಕೂವರೆ ಗಂಟೆಗೆ ದೇವನಹಳ್ಳಿ

2021ರ ಜನವರಿಯಲ್ಲಿ ಏರ್ ಇಂಡಿಯಾ ಬೆಂಗಳೂರು–ಸ್ಯಾನ್‌ಫ್ರಾನ್ಸಿಸ್ಕೊ ನಡುವೆ ನೇರ ವಿಮಾನ ಬಿಟ್ಟಾಗ ಅದರ ವೇಳಾಪಟ್ಟಿ ಓದುವುದೇ ಒಂದು ಮಜವಾಗಿತ್ತು. ಮಧ್ಯಾಹ್ನ 2.30ಕ್ಕೆ ದೇವನಹಳ್ಳಿಯಿಂದ ಎದ್ದ ವಿಮಾನ ಅದೇ ದಿನ ಸಂಜೆ 5ಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಇಳಿಯುತ್ತಿತ್ತು. ಗಡಿಯಾರದ ಮುಳ್ಳನ್ನೇ ನಂಬುವುದಾದರೆ ಎರಡೂವರೆ ಗಂಟೆಯ ದಾರಿ. ಅರಕಲಗೂಡಿನಲ್ಲಿ ಕಾರು ಹತ್ತಿದವರು ಅಷ್ಟು ಹೊತ್ತಿಗೆ ಯಡಿಯೂರಿನಲ್ಲಿ ಇಳಿದು ಕಾಫಿಗೆ ಹೇಳಿರುತ್ತಾರೆ, ಅಷ್ಟೆ.

ಮರ್ಮ ಎಲ್ಲರಿಗೂ ಗೊತ್ತಿರುವುದೇ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾದ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ನಿಜವಾದ ಹಾರಾಟ 16 ಗಂಟೆಯದು. ವಾಪಸು ಬರುವಾಗ ಹದಿನೇಳೂಮುಕ್ಕಾಲಿನ ಹತ್ತಿರ. ಹಾಸನ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಈ ಲೆಕ್ಕ ಮಗ್ಗಿಯ ಹಾಗೆ ಬಾಯಿಗೆ ಬರುತ್ತದೆ. ಡಿಸೆಂಬರಿನ ಬೆಳಿಗ್ಗೆ 7ಕ್ಕೆ ಹೊಳೆನರಸೀಪುರದ ತಾಯಿ ಫೋನು ಮಾಡಿದರೆ ಅಲ್ಲಿ ಮಗಳಿಗೆ ಹಿಂದಿನ ದಿನದ ಸಂಜೆ ಐದೂವರೆ. ‘ನಿನ್ನೆಯಲ್ಲಿರೋರ ಜೊತೆ ಮಾತಾಡ್ತಿದೀನಿ’ ಎಂದು ನಗುವ ಅಜ್ಜಿಯರು ಈ ಊರುಗಳಲ್ಲಿ ಈಗ ಅಪರೂಪವಲ್ಲ.

ಇಷ್ಟಾದರೂ ಹಾಸನದವರಿಗೆ ಅಮೆರಿಕದ ದೂರ ಎಷ್ಟು ಎಂದು ಕೇಳಿದರೆ ಯಾರೂ ಹದಿನಾಲ್ಕು ಸಾವಿರ ಕಿಲೋಮೀಟರ್ ಎನ್ನುವುದಿಲ್ಲ. ಅದನ್ನು ವಿಮಾನ ನೋಡಿಕೊಳ್ಳುತ್ತದೆ. ಅವರು ಹೇಳುವುದು ನೆಲಮಂಗಲದ ಟ್ರಾಫಿಕ್ಕಿನ ಕಥೆ, ಬೆಳ್ಳೂರು ಕ್ರಾಸಿನಲ್ಲಿ ಪಂಕ್ಚರ್ ಆದ ಕಥೆ, ಮಳೆಗಾಲದ ಶಿರಾಡಿ ಘಾಟಿಯ ಕಥೆ. ನನ್ನ ಮಟ್ಟಿಗೂ ಈ ವಿಷಯದಲ್ಲಿ ಬರೆಯಬೇಕಾದ್ದು ಇರುವುದು ಅಲ್ಲೇ. ಆದರೆ ಆಕಾಶದ ಲೆಕ್ಕ ಮುಗಿಸದೆ ನೆಲದ ಲೆಕ್ಕಕ್ಕೆ ಇಳಿಯುವಂತಿಲ್ಲ.

ದಾರದ ದಾರಿ

ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ನೇರ ದೂರ 13,993 ಕಿ.ಮೀ. ಭೂಮಿಯ ಮೇಲೆ ಯಾವ ಎರಡು ಊರುಗಳ ನಡುವೆಯೂ ಸುಮಾರು ಇಪ್ಪತ್ತು ಸಾವಿರ ಕಿಲೋಮೀಟರಿಗಿಂತ ಹೆಚ್ಚು ದೂರ ಇರಲಾರದು. ಅದು ಭೂಮಿಯ ಅರ್ಧ ಸುತ್ತಳತೆ. ಹಾಸನದ ನೇರ ಅಡಿಗೆ, ಭೂಮಿಯ ಆಚೆ ಬದಿಯಲ್ಲಿ, ಪೆರು ದೇಶದಿಂದಾಚೆ ಪೆಸಿಫಿಕ್ ಸಾಗರದ ನೀರಿದೆ. ಅಲ್ಲಿಗೆ ಹೋಗುವ ಕೆಲಸ ಯಾರಿಗೂ ಇಲ್ಲ. ಹಾಗಾಗಿ ನಮ್ಮವರು ಹೋಗಿ ನೆಲೆಸಿದ ಊರುಗಳಲ್ಲಿ ಕ್ಯಾಲಿಫೋರ್ನಿಯಾ ತೀರಾ ದೂರದವುಗಳಲ್ಲಿ ಒಂದು ಎಂದೇ ಹೇಳಬೇಕು.

ಶಾಲೆಯ ಗೋಡೆಗೆ ತೂಗುಹಾಕಿದ ಭೂಪಟದ ಮೇಲೆ ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಪೂರ್ವಕ್ಕೆ ಒಂದು ಗೆರೆ ಎಳೆದರೆ ಅದು ಜಪಾನಿನ ಕೆಳಗಿಂದ ಪೆಸಿಫಿಕ್ ದಾಟುತ್ತದೆ. ಅದು ಹತ್ತಿರದ ದಾರಿ ಅಲ್ಲ. ಗೋಳವನ್ನು ಕೈಗೆ ತೆಗೆದುಕೊಂಡು ಎರಡೂ ಊರುಗಳ ನಡುವೆ ಒಂದು ದಾರ ಹಿಡಿದು ಬಿಗಿ ಎಳೆಯಿರಿ. ದಾರ ತಾನಾಗಿ ಉತ್ತರಕ್ಕೆ ಜಾರುತ್ತದೆ. ಚೀನಾ, ಸೈಬೀರಿಯಾ, ಆರ್ಕ್ಟಿಕ್ ಅಂಚು, ಅಲಾಸ್ಕಾ ಹೀಗೆ 71 ಡಿಗ್ರಿ ಉತ್ತರ ಅಕ್ಷಾಂಶದ ತನಕ ಹತ್ತಿ ಮತ್ತೆ ಕೆಳಕ್ಕಿಳಿಯುತ್ತದೆ. ದಾರದ ಲೆಕ್ಕದಲ್ಲಿ ವಿಮಾನದ ಮೂತಿ ಬೆಂಗಳೂರು ಬಿಡುವಾಗ ಸಿಂಗಪುರದ ಕಡೆಗೋ ಜಪಾನಿನ ಕಡೆಗೋ ಇರುವುದಿಲ್ಲ. ಉತ್ತರದಿಂದ ಬಲಕ್ಕೆ 20 ಡಿಗ್ರಿ ಸರಿದಿರುತ್ತದೆ, ಅಷ್ಟೆ.

ಆ ದಾರದ ಮೇಲೇ ವಿಮಾನ ಹೋಗುತ್ತದೆಯೇ? ಇಲ್ಲ. ಮೊದಲ ಅಡ್ಡಿ ಹಿಮಾಲಯ ಮತ್ತು ಟಿಬೆಟ್. ವಿಮಾನ ಆ ಶಿಖರಗಳಿಗಿಂತ ಎತ್ತರದಲ್ಲೇ ಹಾರುತ್ತದೆ, ಅದು ತೊಂದರೆಯಲ್ಲ. ಆದರೆ ಒಳಗಿನ ಗಾಳಿಯೊತ್ತಡ ಕೆಟ್ಟರೆ ಪೈಲಟ್ ಕೂಡಲೇ ಹತ್ತು ಸಾವಿರ ಅಡಿಯ ಸುಮಾರಿಗೆ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಎತ್ತರದಲ್ಲಿದೆ. ಎರಡನೆಯದು ಚಳಿ. ವಿಮಾನದ ಇಂಧನ ಮೈನಸ್ 47 ಡಿಗ್ರಿಯ ಹತ್ತಿರ ಗಟ್ಟಿಯಾಗತೊಡಗುತ್ತದೆ. ಧ್ರುವದ ಕಡೆಯ ಆಕಾಶ ಅದಕ್ಕಿಂತ ತಣ್ಣಗಿರುವ ದಿನಗಳುಂಟು. ಮೂರನೆಯದು ದಾರಿಯಲ್ಲಿ ಕೆಟ್ಟು ನಿಂತರೆ ಎಲ್ಲಿ ಇಳಿಯುವುದು ಎಂಬ ಪ್ರಶ್ನೆ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಹೊರಟಿದ್ದ ಏರ್ ಇಂಡಿಯಾ ವಿಮಾನದ ಎಂಜಿನ್‌ನಲ್ಲಿ ದೋಷ ಕಂಡು ರಷ್ಯಾದ ಮಗಡಾನ್‌ನಲ್ಲಿ ಇಳಿಸಿದರು. 216 ಪ್ರಯಾಣಿಕರು, 16 ಸಿಬ್ಬಂದಿ. ಬದಲಿ ವಿಮಾನ ಬರುವ ತನಕ ಅವರೆಲ್ಲ ಆ ದೂರದ ಊರಿನಲ್ಲಿ ಸಿಕ್ಕಿದ ಜಾಗದಲ್ಲಿ ಮಲಗಿದರು.

ನಾಲ್ಕನೆಯದು ರಾಜಕೀಯ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕ, ಯೂರೋಪಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. ನಮ್ಮ ವಿಮಾನಗಳಿಗೆ ಮುಚ್ಚಲಿಲ್ಲ. 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವರಿಗೆ ಅದರ ಬಿಸಿ ತಕ್ಷಣ ತಟ್ಟಿತು. ಊರುಗಳ ನಡುವಿನ ದೂರವನ್ನು ಭೂಗೋಳ ಬರೆಯುತ್ತದೆ ಅಂದುಕೊಂಡಿರುತ್ತೇವೆ. ಟಿಕೆಟ್ಟಿನ ಮೇಲಿನ ಗಂಟೆಯನ್ನು ಬರೆಯುವವರು ಬೇರೆ.

ಗಾಳಿಯ ಪಾಲೂ ಸಣ್ಣದಲ್ಲ. ಮೇಲಿನ ಆಕಾಶದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ರಭಸದ ಗಾಳಿಯ ಹೊಳೆಗಳಿವೆ. ಹೋಗುವಾಗ ಬೆನ್ನಿಗೆ ಸಿಕ್ಕಿದ ಗಾಳಿ ಬರುವಾಗ ಎದೆಗೆ ಸಿಗುತ್ತದೆ. ಹೋಗುವ 16 ಗಂಟೆಗೂ ಬರುವ 17 ಮುಕ್ಕಾಲಿಗೂ ಇರುವ ವ್ಯತ್ಯಾಸ ಅದರದೇ. ಈ ಕಾರಣಕ್ಕೆ ಸ್ಯಾನ್‌ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಬರುವ ವಿಮಾನ ಇನ್ನೂ ಉತ್ತರಕ್ಕೆ, ಧ್ರುವದ ಕಡೆಗೆ ಹತ್ತುತ್ತಿದ್ದುದುಂಟು. ಮೊದಲ ಹಾರಾಟ ಹಾಗೇ ಆಯಿತು. 2021ರ ಜನವರಿ 9ರ ರಾತ್ರಿ ಎಂಟೂವರೆಗೆ ಸ್ಯಾನ್‌ಫ್ರಾನ್ಸಿಸ್ಕೊ ಬಿಟ್ಟ ಬೋಯಿಂಗ್ 777 ವಿಮಾನ 11ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಯಿತು. ನಡೆಸಿದವರು ನಾಲ್ವರು ಮಹಿಳೆಯರು: ಕ್ಯಾಪ್ಟನ್ ಝೋಯಾ ಅಗರ್‌ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್. ಒಳಗಿದ್ದವರ ಪಾಲಿನ ಜನವರಿ 10 ಪೂರ್ತಿ ಆಕಾಶದಲ್ಲೇ ಕಳೆಯಿತು. ಆ ಸೇವೆ ಆಮೇಲೆ ಕೆಲವು ತಿಂಗಳು ನಿಂತು, 2022ರ ಡಿಸೆಂಬರಿನಲ್ಲಿ ಮತ್ತೆ ಶುರುವಾಯಿತು. ನೇರ ವಿಮಾನ ಬರುವ ಮುಂಚೆ ಫ್ರಾಂಕ್‌ಫರ್ಟ್, ದುಬೈ, ಸಿಂಗಪುರ ಎಲ್ಲೋ ಒಂದು ಕಡೆ ಇಳಿದು ಹತ್ತಲೇಬೇಕಿತ್ತು. ಇಳಿದು ಹತ್ತುವುದರಲ್ಲಿ ಪ್ರಯಾಣ ಒಂದು ಹಗಲು ಒಂದು ರಾತ್ರಿಯನ್ನು ನುಂಗುತ್ತಿತ್ತು. ಇವತ್ತಿಗೂ ಟಿಕೆಟ್ ದರ ನೋಡಿ ಆ ದಾರಿಯನ್ನೇ ಹಿಡಿಯುವವರು ಹೆಚ್ಚು.

ಈಗ ಹಾಸನದ ಲೆಕ್ಕ. ಹಾಸನದಿಂದಲೇ ದಾರ ಹಿಡಿದರೆ ಸ್ಯಾನ್‌ಫ್ರಾನ್ಸಿಸ್ಕೊಗೆ ಸುಮಾರು 14,070 ಕಿ.ಮೀ. ಬೆಂಗಳೂರಿನಿಂದ 13,993. ಅಂದರೆ ಹಾಸನದಿಂದ ದೇವನಹಳ್ಳಿಗೆ 200 ಕಿಲೋಮೀಟರಿಗೂ ಹೆಚ್ಚು ರಸ್ತೆ ಸವೆಸಿ, ಟೋಲ್ ಮೇಲೆ ಟೋಲ್ ಕಟ್ಟಿ, ನಾಲ್ಕು ಗಂಟೆ ಕಳೆದಾಗ ಅಮೆರಿಕ ಹತ್ತಿರವಾಗಿರುವುದು ಬರೀ 75 ಕಿಲೋಮೀಟರಿನಷ್ಟು. ವಿಮಾನಕ್ಕೆ ಅದು ಐದು ನಿಮಿಷದ ಕೆಲಸ. ದುಬೈಗೆ ಹೋಗುವವರ ಕಥೆ ಇನ್ನೂ ವಿಚಿತ್ರ. ದುಬೈ ಇರುವುದು ವಾಯವ್ಯಕ್ಕೆ, ಕಾರು ಹೋಗುವುದು ಪೂರ್ವಕ್ಕೆ. ದೇವನಹಳ್ಳಿ ಮುಟ್ಟುವಷ್ಟರಲ್ಲಿ ದುಬೈ ಮತ್ತಷ್ಟು ದೂರ ಸರಿದಿರುತ್ತದೆ.

ಹೊರಡುವ ಮನೆ

ಅಮೆರಿಕದ ಪ್ರಯಾಣ ಶುರುವಾಗುವುದು ತೂಕದ ಯಂತ್ರದಿಂದ. ಒಂದು ಪೆಟ್ಟಿಗೆಗೆ 23 ಕಿಲೋ, ತಲೆಗೆ ಎರಡು ಪೆಟ್ಟಿಗೆ. ಪಟ್ಟಣದ ಮನೆಯ ನಡುಮನೆಯಲ್ಲಿ (ಚನ್ನರಾಯಪಟ್ಟಣವನ್ನು ಸುತ್ತಲಿನವರು ಪಟ್ಟಣ ಎಂದಷ್ಟೇ ಕರೆಯುವುದು) ಮೊದಲು ಮನೆಯವರೊಬ್ಬರು ಬರಿಗೈಯಲ್ಲಿ ತೂಕದ ಯಂತ್ರದ ಮೇಲೆ ನಿಲ್ಲುತ್ತಾರೆ, ಆಮೇಲೆ ಪೆಟ್ಟಿಗೆ ಎತ್ತಿಕೊಂಡು ನಿಲ್ಲುತ್ತಾರೆ, ಇನ್ನೊಬ್ಬರು ಕಳೆಯುವ ಲೆಕ್ಕ ಮಾಡುತ್ತಾರೆ. ಇಪ್ಪತ್ನಾಲ್ಕೂವರೆ ಬಂತು. ಏನು ತೆಗೆಯುವುದು? ಸಾರಿನಪುಡಿ ತೆಗೆಯುವಂತಿಲ್ಲ, ಮಗ ಕೇಳಿದ್ದೇ ಅದು. ಚಟ್ನಿಪುಡಿ ಸೊಸೆಗೆ. ಹುರಿದ ರಾಗಿಹಿಟ್ಟು ಮೊಮ್ಮಗುವಿಗೆ. ಕಡೆಗೆ ಹೋಗುವವರ ಸ್ವೆಟರೇ ಹೊರಗೆ ಬರುತ್ತದೆ, ‘ಮೈಮೇಲೆ ಹಾಕ್ಕೊಂಡು ಹೋಗ್ತೀನಿ ಬಿಡು’ ಎಂಬ ಮಾತಿನೊಂದಿಗೆ. ಉಪ್ಪಿನಕಾಯಿಯ ಡಬ್ಬಿಗೆ ಮೂರು ಸುತ್ತು ಪ್ಲಾಸ್ಟಿಕ್, ಅದರ ಮೇಲೆ ಟೇಪು. ಈ ಸಾಮಾನುಗಳ ಯಾದಿ ಈ ಜಿಲ್ಲೆಯಲ್ಲಿ ಜಾತಿಯಿಂದ ಜಾತಿಗೆ, ತಾಲ್ಲೂಕಿನಿಂದ ತಾಲ್ಲೂಕಿಗೆ ಸ್ವಲ್ಪ ಬದಲಾಗಬಹುದು, ತೂಕದ ಜಗಳ ಮಾತ್ರ ಒಂದೇ.

ಬೆಂಗಳೂರಿನಿಂದ ಹೊರದೇಶಕ್ಕೆ ಹೋಗುವ ಬಹಳಷ್ಟು ವಿಮಾನಗಳು ಏಳುವುದು ನಡುರಾತ್ರಿಯಿಂದ ನಸುಕಿನವರೆಗೆ. ನಸುಕಿನ 3ರ ವಿಮಾನ ಎಂದುಕೊಳ್ಳಿ. ಮೂರು ಗಂಟೆ ಮೊದಲು ಅಲ್ಲಿರಬೇಕು, ಅಂದರೆ ಹನ್ನೆರಡಕ್ಕೆ. ಅರಕಲಗೂಡಿನಿಂದ ನಾಲ್ಕೂವರೆಯಿಂದ ಐದು ಗಂಟೆಯ ದಾರಿ. ಆದರೆ ಅಷ್ಟೇ ಇಟ್ಟುಕೊಂಡು ಯಾರೂ ಹೊರಡುವುದಿಲ್ಲ. ಟ್ರಾಫಿಕ್ಕಿಗೆ ಒಂದು ಗಂಟೆ, ಊಟಕ್ಕೆ ಅರ್ಧ, ‘ಏನಾದ್ರೂ ಆದ್ರೆ’ ಎಂಬುದಕ್ಕೆ ಒಂದು ಗಂಟೆ. ಹೀಗೆ ಕೂಡಿಸುತ್ತಾ ಹೋದರೆ ಸಂಜೆ ದೀಪ ಹಚ್ಚುವ ಮೊದಲೇ ಕಾರು ಬಾಗಿಲಿಗೆ ಬಂದಿರಬೇಕು. ರಾಹುಕಾಲ ಅಡ್ಡ ಬಂದರೆ ಇನ್ನೂ ಮೊದಲು. ಹದಿನಾರು ಗಂಟೆಯ ಹಾರಾಟದಲ್ಲಿ ವಿಮಾನ ಕಂಪನಿ ಅರ್ಧ ಗಂಟೆಯ ಹೆಚ್ಚುಕಡಿಮೆಯನ್ನು ಲೆಕ್ಕದಲ್ಲಿಟ್ಟಿರುತ್ತದೆ; ಇನ್ನೂರು ಚಿಲ್ಲರೆ ಕಿಲೋಮೀಟರಿನ ರಸ್ತೆಗೆ ಮನೆಯವರು ಎರಡೂವರೆ ಗಂಟೆಯ ಹೆಚ್ಚುಕಡಿಮೆ ಇಡುತ್ತಾರೆ. ದೂರ ಕಡಿಮೆಯಾದಷ್ಟೂ ಭರವಸೆ ಕಡಿಮೆ.

ರಸ್ತೆ ಕೆಟ್ಟದಾಗಿದೆ ಎಂದು ದೂರುವಂತಿಲ್ಲ. ಹಿಂದಿನ ರಾಷ್ಟ್ರೀಯ ಹೆದ್ದಾರಿ 48, ಈಗಿನ 75, ನಾಲ್ಕು ಪಥವಾದ ಮೇಲೆ ಹಾಸನದಿಂದ ನೆಲಮಂಗಲಕ್ಕೆ ಎರಡೂವರೆ ಗಂಟೆಯಲ್ಲಿ ಆರಾಮವಾಗಿ ಬರಬಹುದು. 2008ರ ಮೇ 24ರಂದು ವಿಮಾನ ನಿಲ್ದಾಣ ಹಳೆಯ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಹೋದಾಗ ಬೆಂಗಳೂರಿನವರು ದೂರವಾಯಿತೆಂದು ಗೊಣಗಿದರು. ಹಾಸನದವರಿಗೆ ಒಳಗೊಳಗೇ ಅನುಕೂಲವಾಯಿತು. ಎಚ್‌ಎಎಲ್ ಇದ್ದದ್ದು ಊರಿನ ಪೂರ್ವಕ್ಕೆ. ಪಶ್ಚಿಮದಿಂದ ಬಂದವರು ಇಡೀ ಬೆಂಗಳೂರನ್ನು ಸೀಳಿಕೊಂಡು ಹೋಗಬೇಕಿತ್ತು. ಈಗ ನೆಲಮಂಗಲದಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಿಬಿಡಬಹುದು. ಊರಿನ ಅನುಭವಸ್ಥ ಚಾಲಕರು ಹೆಬ್ಬಾಳದ ಮುಖವನ್ನೇ ನೋಡುವುದಿಲ್ಲ.

ಬಿಟ್ಟುಬರಲು ಹೋಗುವವರ ಸಂಖ್ಯೆ ಹೋಗುವವರಿಗಿಂತ ಹೆಚ್ಚಿರುವುದು ಇನ್ನೂ ಉಳಿದುಕೊಂಡಿದೆ. ಇಬ್ಬರು ಹಾರಲು ಏಳು ಜನ ಟೆಂಪೊ ಟ್ರಾವೆಲರಿನಲ್ಲಿ. ನಿಲ್ದಾಣದ ಬಾಗಿಲಲ್ಲಿ ಗಾಲಿಕುರ್ಚಿಯ ಪ್ರಸಂಗ ಬರುತ್ತದೆ. ದಿನಾ ಬೆಳಿಗ್ಗೆ ಹೊಳೆನರಸೀಪುರದ ಲಕ್ಷ್ಮೀನರಸಿಂಹ ದೇವಸ್ಥಾನಕ್ಕೆ ನಡೆದು ಹೋಗಿಬರುವ ಗಟ್ಟಿ ಜೀವ. ಮಗ ಟಿಕೆಟ್ ಮಾಡಿಸುವಾಗಲೇ ಗಾಲಿಕುರ್ಚಿ ಬೇಕು ಎಂದು ಬರೆಸಿರುತ್ತಾನೆ. ಕಾಲಿಗಾಗಿ ಅಲ್ಲ, ಭಾಷೆಗಾಗಿ. ಕುರ್ಚಿ ತಳ್ಳುವವರು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ, ಒಂದು ವಿಮಾನದಿಂದ ಇನ್ನೊಂದಕ್ಕೆ, ಕಡೆಗೆ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಅಧಿಕಾರಿಯ ಎದುರಿಗೂ ಕರೆದುಕೊಂಡು ಹೋಗುತ್ತಾರೆ. ನಡೆಯಲಾಗದ ನಿಜವಾದ ವೃದ್ಧರಿಗೆ ಇದರಿಂದ ಕುರ್ಚಿ ಸಿಗುವುದು ತಡವಾಗುತ್ತದೆ ಎಂಬುದು ಸುಳ್ಳಲ್ಲ. ಆದರೆ ಕನ್ನಡ ಬಿಟ್ಟು ಬೇರೆ ಬಾರದ ತಾಯಿ ಫ್ರಾಂಕ್‌ಫರ್ಟಿನಲ್ಲಿ ಒಬ್ಬಳೇ ವಿಮಾನ ಬದಲಿಸಬೇಕಾದಾಗ ಮಗನಿಗೆ ಇನ್ನೇನು ತೋಚಬೇಕು?

ಗೊರೂರಿನಿಂದ ಹಾರಿದವರು

ದೂರ ಹೋಗುವುದು ಈ ಜಿಲ್ಲೆಗೆ ಹೊಸತಲ್ಲ. 1908ರಲ್ಲಿ ಹಾಸನದಲ್ಲಿ ಹುಟ್ಟಿದ ರಾಜಾ ರಾವ್ 1929ರಲ್ಲಿ ಫ್ರಾನ್ಸಿಗೆ ಓದಲು ಹೋದರು. ಆಗ ಯೂರೋಪಿಗೆ ಹೋಗುವುದೆಂದರೆ ಹಡಗು, ಅರಬ್ಬಿ ಸಮುದ್ರ, ಸೂಯೆಜ್ ಕಾಲುವೆ. ನೀರಿನ ಮೇಲೇ ವಾರಗಳು. ಹಾಸನದ ನೆನಪಿನ ‘ಕಾಂತಾಪುರ’ 1938ರಲ್ಲಿ ಪ್ರಕಟವಾಯಿತು. ಬರೆದದ್ದು ಫ್ರಾನ್ಸಿನಲ್ಲಿ ಕೂತು. ಅವರು ತೀರಿಕೊಂಡದ್ದು 2006ರಲ್ಲಿ, ಟೆಕ್ಸಸ್‌ನ ಆಸ್ಟಿನ್‌ನಲ್ಲಿ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪ ಬಾಲ್ಯದಲ್ಲಿ ಊರಿಂದೂರಿಗೆ ಕಾಲ್ನಡಿಗೆಯಲ್ಲಿ ಅಲೆದವರು. ಮುಂದೆ ಧ್ರುವಪ್ರದೇಶಗಳ ತನಕ ಸುತ್ತಿ ಬಂದರು.

ಆದರೆ ಈ ಕಥೆಯ ನಿಜವಾದ ಊರು ಗೊರೂರು. ಹೇಮಾವತಿಯ ದಂಡೆಯ ಆ ಊರಿನ ರಾಮಸ್ವಾಮಿ ಅಯ್ಯಂಗಾರ್ ಹಳ್ಳಿಯ ಚಿತ್ರಗಳನ್ನು ಬರೆದು ನಾಡನ್ನು ನಗಿಸಿದವರು. ಇಳಿವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿಬಂದು ‘ಅಮೆರಿಕದಲ್ಲಿ ಗೊರೂರು’ ಬರೆದರು. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಬಂತು. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ಇಂದಿನ ಅಪ್ಪ ಅಮ್ಮಂದಿರ ದಂಡಿಗೆ ಅವರು ಹಿರಿಯಣ್ಣ. ಆ ಹೆಸರನ್ನೇ ನೋಡಿ: ಹೋದದ್ದು ಒಬ್ಬ ಮನುಷ್ಯನೋ ಒಂದು ಊರೋ ಎಂಬ ಅನುಮಾನ ಬರುವ ಹಾಗಿದೆ.

ಅದೇ ಊರಿನಲ್ಲಿ ಬೆಳೆದ ಜಿ.ಆರ್. ಗೋಪಿನಾಥ್ ಸೈನ್ಯಕ್ಕೆ ಸೇರಿ ಕ್ಯಾಪ್ಟನ್ ಆಗಿ, ಕೆಲಸ ಬಿಟ್ಟು ಬಂದರು. ಕುಟುಂಬದ ಜಮೀನು ಹೇಮಾವತಿ ಜಲಾಶಯದ ಪಾಲಾಗಿತ್ತು. ಬದಲಿಗೆ ಸಿಕ್ಕಿದ್ದು ಜಾವಗಲ್ ಬಳಿಯ ಬರಡು ನೆಲ. ಅಲ್ಲಿ ಟೆಂಟು ಹಾಕಿಕೊಂಡು ಬೇಸಾಯ ಮಾಡಿದರು, ರೇಷ್ಮೆ ಬೆಳೆದರು. ನೀರು ನುಂಗಿದ ಜಮೀನಿನ ಆ ರೈತ ಮುಂದೆ ಹೆಲಿಕಾಪ್ಟರ್ ಕಂಪನಿ ಕಟ್ಟಿ, 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿದರು. ಒಂದು ರೂಪಾಯಿಯ ಟಿಕೆಟ್ ಆಮೇಲೆ ಬಂತು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅವರು ಆರಿಸಿಕೊಂಡ ವಿಮಾನ: ನಲವತ್ತೆಂಟು ಸೀಟಿನ ಎಟಿಆರ್. ಸಣ್ಣ ಊರುಗಳ ಸಣ್ಣ ರನ್‌ವೇಗೆ ಇಳಿಯುವ, ರೆಕ್ಕೆಯಲ್ಲಿ ಫ್ಯಾನು ತಿರುಗುವ ವಿಮಾನ. ಹುಬ್ಬಳ್ಳಿಯಂಥ ಊರುಗಳಿಗೆ ಅವರು ವಿಮಾನ ಬಿಟ್ಟರು. ಸ್ವಂತ ಜಿಲ್ಲೆಗೆ ಬಿಡಲು ಇಳಿಯುವ ಜಾಗವೇ ಇರಲಿಲ್ಲ.

ಈಗಲೂ ಇಲ್ಲ.

ಬೂವನಹಳ್ಳಿಯ ಬಯಲು

ಹಾಸನದ ಹೊರಗೆ, ಬೆಂಗಳೂರು ಹೆದ್ದಾರಿಯ ಪಕ್ಕದಲ್ಲೇ ಬೂವನಹಳ್ಳಿ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು 1996ರಲ್ಲಿ ಪ್ರಧಾನಿಯಾದ ಕಾಲದಿಂದಲೂ ಅಲ್ಲಿ ವಿಮಾನ ನಿಲ್ದಾಣದ ಮಾತಿದೆ. 2007ರಲ್ಲಿ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ ಖಾಸಗಿ ಸಹಭಾಗಿತ್ವದಲ್ಲಿ ಕೆಲಸ ಶುರುಮಾಡುವ ಪ್ರಯತ್ನ ಆಯಿತು, ನಿಂತಿತು. 2021ರಲ್ಲಿ ಯಡಿಯೂರಪ್ಪ ಸರ್ಕಾರ ಎಟಿಆರ್ ಇಳಿಯುವಷ್ಟು ನಿಲ್ದಾಣಕ್ಕೆ ಮತ್ತೆ ಚಾಲನೆ ಕೊಟ್ಟಿತು. ಆಮೇಲೂ ಅದು ರಾಜಕೀಯದ ಮಾತಿನಲ್ಲಿ ಹಾರಿದಷ್ಟು ಬೂವನಹಳ್ಳಿಯಲ್ಲಿ ಹಾರಿಲ್ಲ. ಈ ಮಧ್ಯೆ ಶಿವಮೊಗ್ಗದಲ್ಲಿ 2023ರ ಫೆಬ್ರುವರಿ 27ರಂದು ನಿಲ್ದಾಣದ ಉದ್ಘಾಟನೆಯಾಗಿ, ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ವಿಮಾನ ಇಳಿಯಿತು.

ಹಾಸನದವರಿಗೆ ನಿಲ್ದಾಣವಿಲ್ಲದ್ದು ಚುಚ್ಚುವುದು ಇನ್ನೊಂದು ಕಾರಣಕ್ಕೆ. 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ, ಜನರ ಬಾಯಲ್ಲಿ ಎಂಸಿಎಫ್, ಇರುವುದು ಹಾಸನದಲ್ಲಿ. ಸಮಭಾಜಕದ ಮೇಲೆ 35,786 ಕಿ.ಮೀ. ಎತ್ತರದಲ್ಲಿ ನಿಂತಂತೆ ಕಾಣುವ ಉಪಗ್ರಹಗಳ ಲಗಾಮು ಅಲ್ಲಿದೆ, ಭೋಪಾಲದಲ್ಲಿ ಅದರ ಜೊತೆಗಾರ ಕೇಂದ್ರವಿದೆ. ಹಾಸನದಿಂದ ಹೊರಟ ಸಂಕೇತ ಉಪಗ್ರಹ ಮುಟ್ಟಿ ಮರಳಿ ಬರಲು ಕಾಲು ಸೆಕೆಂಡು ಸಾಕು. ವಿಮಾನಗಳು ನೆಲದ ಮೇಲಿನ ದುಬಾರಿ ಉಪಕರಣವಿಲ್ಲದೆಯೂ ರನ್‌ವೇಗೆ ಕರಾರುವಾಕ್ಕಾಗಿ ಇಳಿಯಲು ನೆರವಾಗುವ ‘ಗಗನ್’ ವ್ಯವಸ್ಥೆ ಕೂಡ ಇಂಥ ಉಪಗ್ರಹಗಳ ಮೂಲಕವೇ ನಡೆಯುವುದು. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೋದ ಒಂದು ಎಟಿಆರ್ ಅದನ್ನು ನಂಬಿ ಇಳಿದು ತೋರಿಸಿತು. ಸಣ್ಣ ನಿಲ್ದಾಣಗಳಿಗೆ ಹೇಳಿ ಮಾಡಿಸಿದ ವ್ಯವಸ್ಥೆ. ಉಪಗ್ರಹ ಆಳುವ ಊರಿಗೆ ಮಾತ್ರ ಅದರ ಉಪಯೋಗ ಇನ್ನೂ ಒದಗಿಲ್ಲ. ಜಿಲ್ಲೆಯ ಹಳೆಯ ತಲೆಗಳಿಗೆ ಆಕಾಶಯಾನ ಎಂದರೆ ಈಗಲೂ 1981ರ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದಲ್ಲಿ ಇಂದಿರಾ ಗಾಂಧಿ ಹೆಲಿಕಾಪ್ಟರಿನಿಂದ ಗೊಮ್ಮಟನ ಮೇಲೆ ಹೂ ಸುರಿಸಿದ್ದು.

ಹಾಗಾದರೆ ಬೂವನಹಳ್ಳಿಯಲ್ಲಿ ನಾಳೆಯೇ ವಿಮಾನ ಇಳಿದರೆ ಅರಕಲಗೂಡಿನವರ ಅಮೆರಿಕ ಹತ್ತಿರವಾಗುತ್ತದೆಯೇ? ಅಭಿಮಾನ ಬದಿಗಿಟ್ಟು ಲೆಕ್ಕ ಹಾಕೋಣ. ಹಾಸನದಿಂದ ದೇವನಹಳ್ಳಿಗೆ ಆಕಾಶದಲ್ಲಿ ಸುಮಾರು 175 ಕಿ.ಮೀ. ಎಟಿಆರ್ ಗಂಟೆಗೆ 500 ಕಿಲೋಮೀಟರ್ ಓಡುತ್ತದೆ ಎಂದರೂ ಏಳುವುದು, ಇಳಿಯುವುದು, ನೆಲದ ಮೇಲೆ ತೆವಳುವುದು ಸೇರಿ ಮುಕ್ಕಾಲು ಗಂಟೆಗೆ ಕಡಿಮೆಯಾಗದು. ಅದಕ್ಕೆ ಮೊದಲು ಒಂದು ಒಂದೂವರೆ ಗಂಟೆ ನಿಲ್ದಾಣದಲ್ಲಿರಬೇಕು. ಅರಕಲಗೂಡಿನಿಂದ ಹಾಸನಕ್ಕೆ ಮುಕ್ಕಾಲು ಗಂಟೆ. ಒಟ್ಟು ಮೂರು ಗಂಟೆ. ಕಾರಿನಲ್ಲಿ ನಾಲ್ಕೂವರೆಯಿಂದ ಐದು. ಒಂದೂವರೆ, ಎರಡು ಗಂಟೆ ಉಳಿಯಿತು ಎನ್ನುವಷ್ಟರಲ್ಲಿ ಇನ್ನೊಂದು ತೊಡಕು ಎದುರಾಗುತ್ತದೆ. ಸಣ್ಣ ನಿಲ್ದಾಣಗಳು ಹೆಚ್ಚಾಗಿ ಹಗಲಿನವು. ಅಮೆರಿಕ, ಯೂರೋಪಿನ ವಿಮಾನಗಳು ಹೆಚ್ಚಾಗಿ ರಾತ್ರಿಯವು. ಮಧ್ಯಾಹ್ನ 3ಕ್ಕೆ ಹಾಸನದಿಂದ ಹಾರಿದವರು ಮರುದಿನ ನಸುಕಿನ 3ರ ತನಕ ದೇವನಹಳ್ಳಿಯ ಕುರ್ಚಿಯ ಮೇಲೆ ಕೂರಬೇಕು. ಉಳಿಸಿದ ಎರಡು ಗಂಟೆ ಬಡ್ಡಿಸಮೇತ ಹೋಯಿತು.

ಶಿವಮೊಗ್ಗ ಬೆಂಗಳೂರಿನಿಂದ ಮುನ್ನೂರು ಕಿಲೋಮೀಟರ್; ಅಲ್ಲಿಗೆ ವಿಮಾನ ಒಪ್ಪುತ್ತದೆ. ಹಾಸನದ ಕಷ್ಟ ಅದರ ಜಾಗದಲ್ಲೇ ಇದೆ. ಬೆಂಗಳೂರಿಗೆ ಹಾರಿ ಹೋಗಲು ತೀರಾ ಹತ್ತಿರ, ನಿಶ್ಚಿಂತೆಯಿಂದ ಹೊರಡಲು ತುಸು ದೂರ. ಬೂವನಹಳ್ಳಿಗೆ ಅರ್ಥ ಬರುವುದು ಅಲ್ಲಿಂದ ಬೆಂಗಳೂರಿಗೆ ಹಾರಿದರೆ ಅಲ್ಲ; ಮುಂಬೈಗೋ ಹೈದರಾಬಾದಿಗೋ ಚೆನ್ನೈಗೋ ನೇರ ಹಾರಿದರೆ. ಪೆಟ್ಟಿಗೆಗಳನ್ನು ಹಾಸನದಲ್ಲೇ ಕೊಟ್ಟು ಅಮೆರಿಕದಲ್ಲಿ ತೆಗೆದುಕೊಳ್ಳುವಂತಾದರೆ ಅರಕಲಗೂಡಿನ ತಾಯಿಗೆ ಅದು ನಿಜವಾದ ಉಪಕಾರ. ಗಲ್ಫ್‌ಗೆ ಹೋಗುವವರಿಗೆ ಮಂಗಳೂರೇ ಸರಿಯಾದ ದಿಕ್ಕು, 1951ರಿಂದ ಬಜ್ಪೆಯಲ್ಲಿ ವಿಮಾನ ಇಳಿಯುತ್ತಿದೆ. ನಡುವೆ ಶಿರಾಡಿ ಘಾಟಿ ಇದೆ. 2024ರ ಜುಲೈನಲ್ಲಿ ಸಕಲೇಶಪುರದ ದೊಡ್ಡತಪ್ಪಲೆಯ ಬಳಿ ಗುಡ್ಡ ಕುಸಿದು ಹೆದ್ದಾರಿಯೇ ಬಂದಾದದ್ದನ್ನು ನೋಡಿದವರು ಆಷಾಢ ಶ್ರಾವಣದಲ್ಲಿ ಆ ಕಡೆಯ ಟಿಕೆಟ್ ಮಾಡಿಸುವಾಗ ಎರಡು ಸಲ ಯೋಚಿಸುತ್ತಾರೆ.

ನಿಲ್ದಾಣಕ್ಕಿಂತ ಬೇಗ, ಕಡಿಮೆ ಖರ್ಚಿನಲ್ಲಿ ಆಗಬಹುದಾದ ಒಂದು ಕೆಲಸ ಇದೆ, ಅದರ ಬಗ್ಗೆ ಮಾತು ಕಡಿಮೆ. ಹಾಸನ–ಬೆಂಗಳೂರು ರೈಲು ಮಾರ್ಗ 1996–97ರಲ್ಲಿ ಮಂಜೂರಾಗಿ, ಎರಡು ದಶಕ ಕುಂಟಿ, 2017ರ ಮಾರ್ಚ್ 26ರಂದು ಪೂರ್ತಿಯಾಯಿತು. ಶ್ರವಣಬೆಳಗೊಳ, ಕುಣಿಗಲ್, ನೆಲಮಂಗಲದ ಮೇಲೆ ರೈಲು ಯಶವಂತಪುರಕ್ಕೆ ಬರುತ್ತದೆ. ಯಶವಂತಪುರದಿಂದ ಯಲಹಂಕದ ಮೂಲಕ ದೇವನಹಳ್ಳಿಗೂ ಹಳಿ ಇದೆ. ಆ ಹಳಿಯ ಮೇಲೆ ವಿಮಾನ ನಿಲ್ದಾಣದ ಹೆಸರಿನದೇ ಒಂದು ಹಾಲ್ಟ್ 2021ರ ಜನವರಿ 4ರಂದು ತೆರೆಯಿತು. ಸ್ಯಾನ್‌ಫ್ರಾನ್ಸಿಸ್ಕೊದ ಮೊದಲ ವಿಮಾನ ಇಳಿಯುವುದಕ್ಕೆ ಒಂದು ವಾರ ಮುಂಚೆ. ಅಲ್ಲಿಂದ ಟರ್ಮಿನಲ್‌ಗೆ ಬಸ್ಸಿನಲ್ಲಿ ಕೆಲವೇ ನಿಮಿಷ. ಸಂಜೆ ಏಳರ ಸುಮಾರಿಗೆ ಹಾಸನ ಬಿಟ್ಟು ಹನ್ನೊಂದರೊಳಗೆ ಆ ಹಾಲ್ಟ್ ಮುಟ್ಟುವ, ನಸುಕಿನಲ್ಲಿ ಇಳಿದವರನ್ನು ತುಂಬಿಕೊಂಡು ಮರಳುವ ಒಂದೇ ಒಂದು ಜೋಡಿ ರೈಲು ಸಾಕು. ಪೆಟ್ಟಿಗೆ ಇಡಲು ಅರ್ಧ ಬೋಗಿ ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು. ಹೊಳೆನರಸೀಪುರದವರು ತಮ್ಮೂರಿನ ಸ್ಟೇಷನ್ನಿನಲ್ಲೇ ಮೈಸೂರು ಕಡೆಯಿಂದ ಬರುವ ಗಾಡಿ ಹತ್ತಿ ಹಾಸನದಲ್ಲಿ ಬದಲಾಯಿಸಿಕೊಳ್ಳಬಹುದು. ಪಟ್ಟಣದವರಿಗೆ ಇದೇ ಮಾರ್ಗದಲ್ಲಿ ತಮ್ಮೂರಿನ ಸ್ಟೇಷನ್ನೇ ಇದೆ. ಅರಕಲಗೂಡಿನವರು ಹೇಗೂ ಹಾಸನದ ತನಕ ಬಸ್ಸಿಗೇ ಬರಬೇಕು. ಆ ತಾಲ್ಲೂಕು ಕೇಂದ್ರಕ್ಕೆ ರೈಲಿನ ಹಳಿ ಇನ್ನೂ ಬಂದಿಲ್ಲ.